ಆರು ತೋಟದ ಎಲೆ

ಆ ಮನೆಯಲ್ಲಿ ಚಹಾ ಎಂದರೆ ಒಂದೇ. ಬೆಳಗ್ಗೆ ಆರಕ್ಕೆ ಅತ್ತೆ ನೀರು, ಹಾಲು, ಸಕ್ಕರೆ, ಪುಡಿ ನಾಲ್ಕನ್ನೂ ಒಂದೇ ಪಾತ್ರೆಗೆ ಸುರಿದು, ಮೂರು ಸಲ ಉಕ್ಕಿ ಬರುವ ತನಕ ಕುದಿಸಿ, ಸೋಸಿ, ನಾಲ್ಕು ಲೋಟಗಳಿಗೆ ಬಗ್ಗಿಸುತ್ತಿದ್ದರು. ಅದು ಚೆನ್ನಾಗಿದೆ ಎಂದು ಯಾರೂ ಹೇಳಿದ್ದಿಲ್ಲ, ಚೆನ್ನಾಗಿಲ್ಲ ಎನ್ನುವ ಧೈರ್ಯವಂತೂ ಯಾರಿಗೂ ಇರಲಿಲ್ಲ. ಹಾಗಿರುವಾಗ ಒಂದು ಸೋಮವಾರ ಸೊಸೆ ತನ್ನ ಲೋಟವನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ, ಇನ್ನು ಐದು ವಾರ ತನಗೆ ಈ ಟೀ ಬೇಡ ಎಂದಳು.

ಅತ್ತೆ ಜರಡಿಯನ್ನು ಕೆಳಗಿಟ್ಟರು. "ಏನಾಗಿದೆ ಅದಕ್ಕೆ?"

"ಏನೂ ಆಗಿಲ್ಲ ಅತ್ತೆ. ಹಾಲಿದೆ, ಸಕ್ಕರೆ ಇದೆ. ಅದು ನಾಲಿಗೆಗೆ ಅಂಟಿಕೊಂಡ್ರೆ ಬೇರೆ ರುಚಿ ಗೊತ್ತಾಗಲ್ಲ."

"ಹಾಲು ಸಕ್ಕರೆ ಇಲ್ಲದೇ ಇರೋದಕ್ಕೆ ಟೀ ಅನ್ನಲ್ಲಮ್ಮ. ಬಿಸಿನೀರು ಅಂತಾರೆ."

ಸೊಸೆ ಕೆಲಸ ಮಾಡುತ್ತಿದ್ದುದು ಬಿಡಿ ಎಲೆಯ ಚಹಾ ಮಾರುವ ಅಂಗಡಿಯಲ್ಲಿ. ಅಲ್ಲಿ ಒಂದೊಂದು ಡಬ್ಬಿಯಲ್ಲೂ ಒಂದೊಂದೇ ತೋಟದ ಎಲೆ, ಡಬ್ಬಿಯ ಮೇಲೆ ತೋಟದ ಹೆಸರು, ಕೊಯ್ದ ತಿಂಗಳು. ಆರು ವರ್ಷದಿಂದ ಅವಳು ಎಲೆ ತೂಗಿ, ಪೊಟ್ಟಣ ಕಟ್ಟಿ, ಚೀಟಿ ಅಂಟಿಸಿದ್ದಳು. ಗಿರಾಕಿಗಳನ್ನು ಕೂರಿಸಿ ರುಚಿ ತೋರಿಸುವ ಮೇಜಿನ ಹೆಂಗಸು ಈಗ ಕೆಲಸ ಬಿಡುತ್ತಿದ್ದಳು. ಆ ಜಾಗ ತನಗೆ ಬೇಕೆಂದು ಸೊಸೆ ಹೇಗೋ ಬಾಯಿಬಿಟ್ಟು ಕೇಳಿದ್ದಳು. ಅಂಗಡಿಯ ಯಜಮಾನಿ ಆರು ಸಣ್ಣ ಡಬ್ಬಿ ಕೈಗಿಟ್ಟು, ಐದು ವಾರ ಕಳೆದ ಮೇಲೆ ಆರು ಕಪ್ಪು ಇಡುತ್ತೇನೆ, ಹೆಸರಿರುವುದಿಲ್ಲ, ಕುಡಿದು ಯಾವುದು ಯಾವ ತೋಟದ್ದು ಎಂದು ಹೇಳಿದರೆ ಮೇಜು ನಿನ್ನದು, ಇಲ್ಲದಿದ್ದರೆ ಹೊರಗಿನವರನ್ನು ಕರೆಸುತ್ತೇನೆ ಎಂದಿದ್ದರು. ಇದು ಈ ವರ್ಷದ ಕೊನೆಯ ಕೊಯ್ಲು, ಮತ್ತೆ ಕೇಳಿದರೆ ಇಲ್ಲ. ಪರೀಕ್ಷೆಯ ದಿನ ಡಬ್ಬಿಗಳು ವಾಪಸು ಬರಬೇಕು. ಒಂದರ ಎಲೆ ಇನ್ನೊಂದಕ್ಕೆ ಬೀಳಬಾರದು, ಡಬ್ಬಿ ಬೆರೆಸುವ ಕೈಗೆ ಮೇಜು ಕೊಡಲಾಗುವುದಿಲ್ಲ ಎಂದೂ ಹೇಳಿ ಕಳಿಸಿದ್ದರು.

ಇಷ್ಟನ್ನೂ ಕೇಳಿದ ಗಂಡ ಬ್ರೆಡ್ಡಿಗೆ ಬೆಣ್ಣೆ ಸವರುತ್ತ, ಅಮ್ಮನ ಟೀನೂ ಉಳೀಬೇಕು, ಇವಳ ಪರೀಕ್ಷೆನೂ ಆಗಬೇಕು ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟ. ಅವನು ಲಿಫ್ಟ್ ರಿಪೇರಿಯವನು. ಮೇಲಕ್ಕೂ ಹೋಗದೆ ಕೆಳಕ್ಕೂ ಇಳಿಯದೆ ನಡುವೆ ಸಿಕ್ಕಿಕೊಳ್ಳುವುದು ಅವನಿಗೆ ಅಭ್ಯಾಸವಾಗಿತ್ತು. ಹೆಂಡತಿ ಬಿಟ್ಟ ಲೋಟವನ್ನೂ ಆ ದಿನ ಅವನೇ ಕುಡಿದ.

ಪತ್ರಿಕೆ ಹಿಡಿದು ಕೂತಿದ್ದವರು ಮಾವ. ಹಾಗೆ ನೋಡಿದರೆ ಆ ಬೀದಿಯಲ್ಲಿ ಚಹಾದ ವಿಷಯ ಬಲ್ಲವರು ಅವರೊಬ್ಬರೇ. ಚಹಾ ಪ್ಯಾಕಿಂಗ್ ಕಂಪನಿಯೊಂದರಲ್ಲಿ ಮೂವತ್ತೆರಡು ವರ್ಷ ಬ್ಲೆಂಡರ್ ಆಗಿದ್ದವರು. ಇಪ್ಪತ್ತು, ಮೂವತ್ತು ಕಡೆಯ ಎಲೆ ತರಿಸಿ, ಸೊರ್ರೆಂದು ಎಳೆದು ರುಚಿ ನೋಡಿ, ಇದು ಇಷ್ಟು ಅದು ಅಷ್ಟು ಎಂದು ಬೆರೆಸಿ, ಈ ವರ್ಷದ ಪೊಟ್ಟಣವೂ ಹೋದ ವರ್ಷದ ಪೊಟ್ಟಣದ ಹಾಗೇ ಇರುವಂತೆ ನೋಡಿಕೊಳ್ಳುವುದು ಅವರ ಕೆಲಸ. ಕಂಪನಿಯಲ್ಲಿ ಅವರನ್ನು ನಾಲಿಗೆ ಸಾಹೇಬರು ಎನ್ನುತ್ತಿದ್ದರಂತೆ. ಆ ನಾಲಿಗೆ ಮನೆಯಲ್ಲಿ ಉಪ್ಪು ಕಡಿಮೆ ಅನ್ನೋದಕ್ಕೆ ಬಿಟ್ಟರೆ ಇನ್ಯಾವುದಕ್ಕೂ ಉಪಯೋಗಕ್ಕೆ ಬಂದಿಲ್ಲ ಎನ್ನುವುದು ಅತ್ತೆಯ ಮಾತು.

ಸೊಸೆ ಅವರ ಪಕ್ಕ ಕೂತು, ಮಾವ, ನೀವು ಸ್ವಲ್ಪ ಹೇಳಿಕೊಡಿ ಎಂದು ಕೇಳಿದಳು. ಅವರು ಪತ್ರಿಕೆಯಿಂದ ಕಣ್ಣು ತೆಗೆಯಲಿಲ್ಲ.

"ನಿಮ್ಮ ಅಂಗಡಿ ಬೋರ್ಡ್ ಓದಿದೀನಮ್ಮ. ಬೆರಕೆ ಟೀ ನಮ್ಮಲ್ಲಿ ಸಿಗಲ್ಲ ಅಂತ ಬರೆದಿದಾರೆ. ನಾನು ಮೂವತ್ತೆರಡು ವರ್ಷ ಮಾಡಿದ್ದೇ ಅದು."

"ಅದು ಅವರು ಬರೆಸಿದ್ದು ಮಾವ, ನಾನಲ್ಲ."

"ಒಂದೇ ತೋಟದ ಎಲೆ ಒಂದು ವರ್ಷ ನಗುತ್ತೆ, ಮರುವರ್ಷ ಮುಖ ಊದಿಸ್ಕೊಂಡು ಕೂರುತ್ತೆ. ಇನ್ನೊಂದ್ರ ಜೊತೆ ಹೊಂದಿಸಿದ್ರೇನೇ ಅದಕ್ಕೆ ಬದುಕು. ಸಂಸಾರ ಕೂಡ ಹಾಗೇ ಅಲ್ವಾ?" ಎಂದು ಅವರು ಹಾಳೆ ಮಗುಚಿದರು. ಸಂಸಾರದ ಮಾತು ಬಂದ ಕೂಡಲೇ ಅತ್ತೆ ಅಡುಗೆಮನೆಯಿಂದ ಮೂಗು ಮುರಿದರು.

ಅಂತೂ ಸೊಸೆ ಒಬ್ಬಳೇ ಶುರುಮಾಡಿದಳು. ಬೆಳಗಿನ ಬೆಳಕು ಬೀಳುವ ಕಿಟಕಿಯ ಕಟ್ಟೆಯ ಮೇಲೆ ಆರು ಬಿಳಿ ಪಿಂಗಾಣಿ ಕಪ್ಪು, ಒಂದು ಕೆಟಲು, ಗಂಡನ ಹಳೆಯ ಕೈಗಡಿಯಾರ. ಒಂದು ಡಬ್ಬಿಯಲ್ಲಿ ರೋಮವಿರುವ ಬಿಳಿ ಮೊಗ್ಗು. ಇನ್ನೊಂದರಲ್ಲಿ ಇಸ್ತ್ರಿ ಮಾಡಿದಂತೆ ಚಪ್ಪಟೆಯಾದ ಹಸಿರೆಲೆ. ಮೂರನೆಯದು ಮೆಣಸಿನ ಕಾಳಿನಷ್ಟು ದಪ್ಪಕ್ಕೆ ಉಂಡೆ ಸುತ್ತಿದ್ದು. ನಾಲ್ಕನೆಯದು ಕರಿ ಎಳೆಯ ತುದಿಗೆ ಹೊಂಬಣ್ಣ. ಉಳಿದೆರಡು ಒಂದೇ ಬೆಟ್ಟದ್ದು, ಒಂದು ಪೂರ್ವದ ಇಳಿಜಾರಿನ ತೋಟ, ಇನ್ನೊಂದು ಪಶ್ಚಿಮದ್ದು. ಕಣ್ಣಿಗೆ ಎರಡೂ ಅವಳಿ ಜವಳಿ.

ಅವಳು ಕುಡಿಯುವಳು, ನೋಟುಪುಸ್ತಕದಲ್ಲಿ ಹೂವಿನ ಹಾಗೆ ಎಂದು ಬರೆಯುವಳು, ಯಾವ ಹೂವು ಎಂದು ತಿಳಿಯದೆ ಹೊಡೆದುಹಾಕುವಳು. ಹಸಿರೆಲೆಯನ್ನು ಗಂಡನಿಗೆ ಕೊಟ್ಟರೆ, ಹುಲ್ಲು ನೆನೆಸಿಟ್ಟಿದ್ಯಾ ಎಂದ. ಒಂಬತ್ತು ವರ್ಷದ ಮಗಳನ್ನು ಮನೆಯಲ್ಲಿ ವಕೀಲಮ್ಮ ಎಂದೇ ಕರೆಯುವುದು, ಕೇಳಿದ್ದಕ್ಕೆಲ್ಲ ಮರುಪ್ರಶ್ನೆ ಹಾಕುವ ಮಗು. ಅವಳು ಉಂಡೆ ಚಹಾವನ್ನು ಒಂದು ಗುಟುಕು ಕುಡಿದು, ಇದು ಬಿಸಿಲಲ್ಲಿ ಒಣಗಿದ ಟವೆಲ್ ವಾಸನೆ ಎಂದಳು. ಸೊಸೆ ನಗದೆ ಅದನ್ನು ಬರೆದುಕೊಂಡಳು, ಏಕೆಂದರೆ ಅದು ನಿಜವಾಗಿತ್ತು.

ಎರಡನೆಯ ವಾರ ಈರುಳ್ಳಿಯ ಜಗಳ ಬಂತು. ಏಳು ಗಂಟೆಗೆ ಅತ್ತೆ ಮಗನ ಊಟದ ಡಬ್ಬಿಗೆ ಈರುಳ್ಳಿ ಹುರಿಯಲು ಎಣ್ಣೆ ಕಾಯಿಸಿದರೆ, ಕಿಟಕಿಯ ಕಡೆಯ ಆರು ಕಪ್ಪೂ ಈರುಳ್ಳಿಯೇ. ಹತ್ತು ಗಂಟೆಯ ಮೇಲೆ ಹುರಿಯಬಹುದಾ ಎಂದು ಸೊಸೆ ಕೇಳಿದಳು. ಹತ್ತು ಗಂಟೆಗೆ ಹುರಿದದ್ದನ್ನು ಮಗನ ಕೆಲಸದ ಜಾಗಕ್ಕೆ ನಾನು ಹಾರಿಕೊಂಡು ಹೋಗಿ ಕೊಡಲಾ ಎಂದು ಅತ್ತೆ ಕೇಳಿದರು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತಾರೆ, ನನ್ನ ಕಾಲ ಯಾವಾಗ ಬಂದಿತ್ತು, ಯಾವಾಗ ಹೋಯಿತು, ಗೊತ್ತೇ ಆಗಲಿಲ್ಲ ಎಂದೂ ಸೇರಿಸಿದರು. ಆದರೆ ಮರುದಿನದಿಂದ ಗಂಡನ ಡಬ್ಬಿಯಲ್ಲಿ ಈರುಳ್ಳಿ ಇರಲಿಲ್ಲ. ಅವನು ಬೇಯಿಸಿದ ಆಲೂಗಡ್ಡೆ ತಿಂದು ಬಂದು, ಇನ್ನೆಷ್ಟು ದಿನ ಎಂದು ಸಂಜೆ ಬೆರಳು ಮಡಚಿ ಎಣಿಸುತ್ತಿದ್ದ.

ಮೂರನೆಯ ವಾರಕ್ಕೆ ಸೊಸೆ ಸೋತು ಹೋದಳು. ಒಂದು ಬೆಳಗ್ಗೆ ಕಪ್ಪುಗಳ ಮುಂದೆ ಕೂತು, ಯಾರಿಗೂ ಅಲ್ಲದ ಹಾಗೆ ದೂರಿಕೊಂಡಳು. ಬಿಳಿಯದಕ್ಕೆ ಶಕ್ತಿಯೇ ಇಲ್ಲ. ಹಸಿರು ಒಂದು ನಿಮಿಷ ತಡವಾದರೆ ಕಹಿ. ಉಂಡೆಯದು ಪರಿಮಳ ಮಾತ್ರ, ಬಾಯಿಗೆ ಬಂದರೆ ಖಾಲಿ. ಹೊಂಬಣ್ಣದ್ದು ಸಿಹಿಯಾಗಿ ಬಂದು ಸೋಂಬೇರಿಯ ಹಾಗೆ ಮಲಗುತ್ತದೆ. ಆ ಬೆಟ್ಟದ ಎರಡಂತೂ ಒಂದೇ, ಯಾರೋ ಮೋಸ ಮಾಡಿದ್ದಾರೆ. ಹೀಗೆ ಹೇಳಿ, ಕಣ್ಣೊರೆಸಿಕೊಂಡು ಕೆಲಸಕ್ಕೆ ಹೋದಳು.

ಪತ್ರಿಕೆಯ ಹಿಂದೆ ಮಾವ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮೂವತ್ತೆರಡು ವರ್ಷ ಅವರ ಮುಂದೆ ಜನ ಇಂಥದ್ದೇ ದೂರುಗಳನ್ನು ತಂದಿಟ್ಟಿದ್ದರು. ಒಂದಕ್ಕೆ ಬಲವಿಲ್ಲ, ಒಂದಕ್ಕೆ ಪರಿಮಳವಿಲ್ಲ, ಒಂದು ಕಹಿ. ಅದಕ್ಕೆ ಅವರಿಗೆ ಗೊತ್ತಿದ್ದ ಔಷಧ ಒಂದೇ. ಹುಡುಗಿ ಅತ್ತಿದ್ದು ಬೇರೆ ಅವರ ಮನಸ್ಸಿಗೆ ನಾಟಿತ್ತು. ಮಧ್ಯಾಹ್ನ ಅತ್ತೆ ಮಲಗಿದಾಗ ಅವರು ದೊಡ್ಡ ತಟ್ಟೆ ತೆಗೆದರು, ಒಂದು ಚಮಚ ತೆಗೆದರು. ಚಿಟಿಕೆ ಚಿಟಿಕೆಯಾಗಿ ಬೆರೆಸಿ ನೋಡಿದರು, ಕುಡಿದರು, ತಲೆಯಾಡಿಸಿದರು, ಮತ್ತೆ ಬೆರೆಸಿದರು. ಐದನೆಯ ಸಲಕ್ಕೆ ಅಳತೆ ಸಿಕ್ಕಿತು. ನಿವೃತ್ತಿಯಾದ ಮೇಲೆ ಅಷ್ಟು ಸಂತೋಷದ ಮಧ್ಯಾಹ್ನ ಅವರಿಗೆ ಸಿಕ್ಕಿರಲಿಲ್ಲ. ಆರೂ ಡಬ್ಬಿಗಳನ್ನು ತಟ್ಟೆಗೆ ಸುರಿದು, ಅಂಗೈ ಮೇಲೆ ಮಾಡಿಕೊಂಡು, ಎಲೆ ಮುರಿಯದ ಹಾಗೆ, ಹಸುಗೂಸನ್ನು ಎತ್ತುವಂತೆ ಎತ್ತಿ ಎತ್ತಿ ಬೆರೆಸಿದರು.

ಸಂಜೆ ಸೊಸೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಕಪ್ಪು ಎದುರಿಗಿತ್ತು.

ಅವಳು ಒಂದು ಗುಟುಕು ಕುಡಿದಳು. ಇನ್ನೊಂದು ಕುಡಿದಳು. ಅವಳ ಮುಖ ಅರಳಿತು. "ಎಷ್ಟು ಚೆನ್ನಾಗಿದೆ ಮಾವ. ಇದು ಯಾವ ತೋಟದ್ದು?"

"ಆರೂ ತೋಟದ್ದು" ಎಂದರು ಮಾವ, ಹೆಮ್ಮೆಯಿಂದ.

ಅವಳು ಅಡುಗೆಮನೆಗೆ ಓಡಿದಳು. ಖಾಲಿ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿದ ಸದ್ದು ಹೊರಗೆ ಕೇಳಿಸಿತು. ಆಮೇಲೆ ಏನೂ ಕೇಳಿಸಲಿಲ್ಲ. ಸದ್ದಿಲ್ಲದಿದ್ದಾಗಲೇ ಮಾವನಿಗೆ ತಾವು ಮಾಡಿದ್ದು ಏನೆಂದು ಹೊಳೆದದ್ದು.

ಆ ಸಂಜೆ ಅತ್ತೆ ಮಾವನಿಗೆ ಮಂಗಳಾರತಿ ಎತ್ತಿದರು. ಮದುವೆಯಾದ ವರ್ಷದಿಂದ ಹಿಡಿದು ಇವತ್ತಿನವರೆಗೆ ಅವರು ಯಾರನ್ನೂ ಕೇಳದೆ ಮಾಡಿದ ಕೆಲಸಗಳೆಲ್ಲ ಹೊರಗೆ ಬಂದವು. ಮಾವ ಅನ್ನ ಬಡಿಸಿಕೊಂಡರೂ ಉಣ್ಣಲಿಲ್ಲ. ನಾಳೆಯೇ ಅಂಗಡಿಗೆ ಹೋಗಿ ನಾನೇ ಮಾಡಿದ್ದು ಎಂದು ಹೇಳುತ್ತೇನೆ ಎಂದರು. ಸೊಸೆ ತಟ್ಟೆಯಿಂದ ತಲೆ ಎತ್ತಿದಳು.

"ಬೇಡ ಮಾವ. ಈಗ ಹೇಳಿದ್ರೆ ಪರೀಕ್ಷೆನೇ ಇರಲ್ಲ. ದಯವಿಟ್ಟು ಇನ್ನೇನೂ ಮಾಡ್ಬೇಡಿ."

ಇನ್ನೇನೂ ಮಾಡಬೇಡಿ ಎಂಬ ಮಾತು ಅವರಿಗೆ ಚುಚ್ಚಿತು. ಅವಳಿಗೂ ಅದು ಗೊತ್ತಾಯಿತು, ಆದರೆ ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸು ಆಗ ಇರಲಿಲ್ಲ. ವಕೀಲಮ್ಮ ಮಾತ್ರ, ಬೆರೆಸಿದ್ದನ್ನ ಬಿಡಿಸೋಕೆ ಆಗಲ್ವಾ ತಾತ ಎಂದು ಕೇಳಿದಳು. ಹಾಲಿಗೆ ಬಿದ್ದ ಸಕ್ಕರೆ ಬಿಡಿಸಲಿಕ್ಕಾಗುತ್ತಾ ಎಂದು ಅವಳ ಅಪ್ಪ ಗದರಿದ.

ಮರುದಿನ ಬೆಳಗ್ಗೆ ಸೊಸೆ ಎದ್ದು ಬಂದಾಗ ಕಿಟಕಿಯ ಬಳಿ ಅತ್ತೆ ಕನ್ನಡಕ ಹಾಕಿಕೊಂಡು ಕೂತಿದ್ದರು. ತೊಡೆಯ ಮೇಲೆ ಆ ದೊಡ್ಡ ತಟ್ಟೆ, ಎದುರಿಗೆ ಆರು ಬಟ್ಟಲು. ಒಂದು ಬಟ್ಟಲಿನಲ್ಲಿ ಆಗಲೇ ಹಿಡಿಯಷ್ಟು ಬಿಳಿ ಮೊಗ್ಗು ಇತ್ತು.

"ಇದೇನು ಸಕ್ಕರೆಯಾ ಕರಗಿ ಹೋಗೋಕೆ?" ಎಂದರು ಅತ್ತೆ. "ಅಕ್ಕಿಯಲ್ಲಿ ಕಲ್ಲು ಆರಿಸಿದ ಕಣ್ಣು ಇದು. ಕೂತ್ಕೊ. ರೀ, ನೀವೂ ಬನ್ನಿ. ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ನೆ ಹೇಳಿಲ್ಲ ದೊಡ್ಡವರು."

ಹೀಗೆ ಎಲೆ ಆರಿಸುವ ಕೆಲಸ ಶುರುವಾಯಿತು. ಹನ್ನೊಂದು ದಿನ ನಡೆಯಿತು. ಬೆಳಕಿರುವಾಗ ಮಾತ್ರ, ಏಕೆಂದರೆ ಬಲ್ಬಿನ ಕೆಳಗೆ ಎಲ್ಲ ಎಲೆಯೂ ಒಂದೇ ಬಣ್ಣ. ಉಂಡೆಗಳನ್ನು ಗಂಡ ತನ್ನ ಕೆಲಸದ ಚೀಲದಿಂದ ತಂದ ತಂತಿಬಲೆಯಲ್ಲಿ ಉರುಳಿಸಿ ಅರ್ಧ ಗಂಟೆಯಲ್ಲಿ ಬೇರೆ ಮಾಡಿ, ಮನೆ ಗೆದ್ದವನ ಹಾಗೆ ಓಡಾಡಿದ. ಹಸಿರು ವಕೀಲಮ್ಮನ ಪಾಲು. ಹೊಂಬಣ್ಣದ ತುದಿ ಆರಿಸುವುದರಲ್ಲಿ ಅತ್ತೆಯನ್ನು ಮೀರಿಸಿದವರಿಲ್ಲ. ಪಕ್ಕದ ಮನೆಯಾಕೆ ಇಣುಕಿ, ಏನ್ ಆರಿಸ್ತಾ ಇದೀರಿ ಎಂದಾಗ, ನಮ್ಮ ಯಜಮಾನರ ಬುದ್ಧಿ ಎಂದರು ಅತ್ತೆ.

ಮಾವ ಎರಡು ದಿನ ತಲೆ ಬಗ್ಗಿಸಿ ಆರಿಸಿದರು. ಮೂರನೆಯ ದಿನ ಬಾಯಿ ತಾನೇ ತೆರೆಯಿತು. ಒಂದು ಎಲೆಯನ್ನು ಬೆರಳ ತುದಿಯಲ್ಲಿ ಹಿಡಿದು, ಇದು ಎಳೆಯದು, ಮುಂಜಾನೆ ಕೊಯ್ದದ್ದು, ಅವಸರದಲ್ಲಿ ಒಣಗಿಸಿದ್ದು, ಅದಕ್ಕೇ ಅಂಚು ಸುಟ್ಟಿದೆ, ಆ ಕಹಿ ಎಲೆಯದಲ್ಲ, ಒಣಗಿಸಿದವನದು ಎಂದರು. ಸೊಸೆಯ ಕೈ ನಿಂತಿತು. ಆಮೇಲೆ ಅವರ ಮಾತು ನಿಲ್ಲಲಿಲ್ಲ. ಹೂವು ಹಣ್ಣು ಎಂದು ಬರೆಯಬೇಡ ಎಂದರು. ಬಾಯಿಯಲ್ಲಿ ಎಲ್ಲಿ ಮುಟ್ಟಿತು ನೋಡು, ಎಷ್ಟು ಹೊತ್ತು ಕೂತಿತು ನೋಡು, ಹೋಗುವಾಗ ಏನು ಬಿಟ್ಟುಹೋಯಿತು ನೋಡು. ಬಂದ ನೆಂಟರನ್ನು ನೋಡೋ ಹಾಗೇನೇ ಎಂದರು. ಬೇಗ ಹೋಗೋ ನೆಂಟರಾದ್ರೆ ಸಾಕಪ್ಪ ಎಂದರು ಅತ್ತೆ.

ನಾಲ್ಕು ಡಬ್ಬಿ ತುಂಬಿದವು, ಅಲ್ಲೊಂದು ಇಲ್ಲೊಂದು ಪರದೇಶಿ ಎಲೆ ಬಿಟ್ಟರೆ. ಉಳಿದದ್ದು ಬೆಟ್ಟದ ಆ ಎರಡು. ಅದನ್ನು ಬೇರೆ ಮಾಡಲು ಅತ್ತೆಯ ಕಣ್ಣಿಗೂ ಆಗಲಿಲ್ಲ. ಪರೀಕ್ಷೆಗೆ ಇನ್ನು ಮೂರೇ ದಿನ. ಸೊಸೆ ಎರಡು ಖಾಲಿ ಡಬ್ಬಿಗಳನ್ನು ನೋಡುತ್ತ ಕೂತಳು. ಪ್ರತ್ಯೇಕವಾಗಿ ಇಲ್ಲದ್ದನ್ನು ಕಲಿಯುವುದು ಹೇಗೆ ಎಂದಳು.

ಮಾವ ಕೆಟಲು ಇಟ್ಟರು. ಬೆರಕೆಯನ್ನೇ ಎರಡು ಚಮಚ ಹಾಕಿ ಬಗ್ಗಿಸಿದರು.

"ಕುಡಿ. ಮೊದಲು ಬಂದು ಬಾಗಿಲು ತಟ್ಟೋದು ಯಾರು?"

"ಏನೋ ಚುರುಕಾಗಿದೆ. ನಾಲಿಗೆ ತುದಿಯಲ್ಲಿ."

"ಅದು ಪೂರ್ವದ್ದು. ಬೆಳಗಿನ ಬಿಸಿಲು ತಿಂದಿದ್ದು, ಅವಸರದ ಸ್ವಭಾವ. ಅದನ್ನ ಹೋಗೋಕೆ ಬಿಡು. ಈಗ ಗಂಟಲಲ್ಲಿ ಯಾರಿದಾರೆ?"

ಅವಳು ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು. "ಇನ್ನೊಂದಿದೆ. ತಣ್ಣಗಿದೆ. ಹೋಗ್ತಾನೇ ಇಲ್ಲ."

"ಹಾಂ. ಮಧ್ಯಾಹ್ನ ಮಂಜು ಕೂರೋ ಕಡೆಯದು. ತಡವಾಗಿ ಬರುತ್ತೆ, ಬಂದ ಮೇಲೆ ಕೂತುಬಿಡುತ್ತೆ" ಎಂದರು ಮಾವ. ಮದುವೆ ಗ್ರೂಪ್ ಫೋಟೋದಲ್ಲಿ ನಮ್ಮವರನ್ನು ಹುಡುಕಿದ ಹಾಗೆ ಹುಡುಕಬೇಕು ಎಂದು ಹೇಳಿ, ಮೂರು ದಿನದಲ್ಲಿ ಅವಳಿಗೆ ನಲವತ್ತು ಕಪ್ಪಾದರೂ ಕುಡಿಸಿದರು. ಕೊನೆಕೊನೆಗೆ ಅವಳು ಕೇಳುವ ಮುಂಚೆಯೇ ಹೇಳುತ್ತಿದ್ದಳು.

ಪರೀಕ್ಷೆಯ ದಿನ ಅವಳು ನಾಲ್ಕು ಡಬ್ಬಿಯನ್ನೂ, ಬೆಟ್ಟದ ಬೆರಕೆಯ ಒಂದು ಡಬ್ಬಿಯನ್ನೂ, ಪುಡಿ ಚೂರುಗಳೊಂದಿಗೆ ಬಿಡಿಸದೆ ಉಳಿದ ಮಾವನ ಮಿಶ್ರಣದ ಒಂದು ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡು ಹೋದಳು. ಯಜಮಾನಿ ಮೊದಲ ಡಬ್ಬಿಯನ್ನು ಬಿಳಿ ತಟ್ಟೆಗೆ ಬಗ್ಗಿಸಿದರು. ಬಿಳಿ ಮೊಗ್ಗುಗಳ ನಡುವೆ ಒಂದು ಹಸಿರೆಲೆ ಬಿದ್ದಿತ್ತು. ಅವರು ಅದನ್ನೂ ನೋಡಿದರು, ಅವಳನ್ನೂ ನೋಡಿದರು.

"ಬೆರೆತು ಹೋಗಿತ್ತು ಮೇಡಂ. ಆರಿಸಿದ್ವಿ. ಎರಡು ಆರಿಸೋಕೆ ಆಗ್ಲಿಲ್ಲ."

"ಬೆರೆಸಿದ್ದು ಯಾರು?"

ನಿಜ ಹೇಳುವುದೆಂದೇ ಅವಳು ದಾರಿಯುದ್ದಕ್ಕೂ ಅಂದುಕೊಂಡು ಬಂದಿದ್ದಳು. ಆದರೆ ಊಟದ ತಟ್ಟೆಯ ಮುಂದೆ ಉಣ್ಣದೆ ಕೂತ ಮಾವನ ಮುಖ ನೆನಪಾಯಿತು. ಅವರ ಹೆಸರು ಈ ಅಂಗಡಿಯಲ್ಲಿ ತಪ್ಪಿನ ಜೊತೆ ಬರುವುದನ್ನು ಅವಳಿಂದ ಸಹಿಸಲಾಗಲಿಲ್ಲ.

"ನಾನೇ" ಎಂದಳು.

ಯಜಮಾನಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಕೂತ್ಕೊ. ಮೊದಲು ನಾಲಿಗೆ ನೋಡೋಣ. ಕೈ ವಿಚಾರ ಆಮೇಲೆ."

ಆರು ಕಪ್ಪು ಬಂದವು. ಇಷ್ಟು ದಿನ ಗುಂಪಿನಲ್ಲಿ ಹುಡುಕಿ ಹುಡುಕಿ ಪಳಗಿದವಳಿಗೆ ಅವು ಒಬ್ಬೊಬ್ಬರಾಗಿ ಬಂದು ಎದುರು ನಿಂತಂತೆ ಇತ್ತು. ನಾಲ್ಕನ್ನು ಅವಳು ತಡವರಿಸದೆ ಹೇಳಿದಳು. ಉಳಿದ ಎರಡರಲ್ಲಿ ಒಂದನ್ನು ಕುಡಿದು ಕಣ್ಣು ಮುಚ್ಚಿದಳು. ಯಾರೂ ಬಾಗಿಲು ತಟ್ಟಲಿಲ್ಲ. ಇನ್ನೂ ಕಾದಳು. ಗಂಟಲಲ್ಲಿ ತಣ್ಣಗೆ ಬಂದು ಕೂತಿತು. "ಇದು ಪಶ್ಚಿಮದ ಇಳಿಜಾರು" ಎಂದಳು. ಇನ್ನೊಂದನ್ನು ಮುಟ್ಟುವ ಅಗತ್ಯವಿರಲಿಲ್ಲ, ಆದರೂ ಕುಡಿದಳು, ಹಳೆಯ ಪರಿಚಯದವರನ್ನು ಮಾತಾಡಿಸದೆ ಬರಲಾಗುತ್ತದೆಯೇ?

ಆರೂ ಸರಿ.

ಯಜಮಾನಿ ಕೈ ಒರೆಸಿಕೊಂಡು, ಆರಿಸಿದವರು ಯಾರ್ಯಾರು, ಎಷ್ಟು ದಿನ ಎಂದು ಕೇಳಿ ತಿಳಿದುಕೊಂಡರು. ಹನ್ನೊಂದು ದಿನ ಎಂದಾಗ ಅವರಿಗೆ ನಗು ತಡೆಯಲಾಗಲಿಲ್ಲ. ಮೇಜು ನಿನ್ನದು, ಆದರೆ ಡಬ್ಬಿಗಳ ಬೀಗದ ಕೈ ನನ್ನ ಹತ್ತಿರವೇ ಇರುತ್ತದೆ, ಇನ್ನು ಒಂದೆಲೆಯೂ ನಿಮ್ಮ ಮನೆಗೆ ಬರುವುದಿಲ್ಲ ಎಂದರು. ಕೊನೆಯ ಡಬ್ಬಿಯ ಪುಡಿಯನ್ನು ಎಸೆಯುವ ಮುನ್ನ ಸುಮ್ಮನೆ ಒಂದು ಕಪ್ಪು ಮಾಡಿ ಕುಡಿದರು. ಪೂರ್ತಿ ಕುಡಿದರು.

"ಚೆನ್ನಾಗಿದೆ. ನಾವು ಮಾರಲ್ಲ" ಎಂದರು. ಆಮೇಲೆ ಕಪ್ಪನ್ನು ಮುಂದಕ್ಕೆ ಹಿಡಿದು, "ಇನ್ನರ್ಧ ಇದ್ರೆ ಹಾಕು" ಎಂದರು.

ಅವಳು ಮನೆಗೆ ಬಂದಾಗ ಎಲ್ಲರೂ ಹೊರಗಿನ ಕೋಣೆಯಲ್ಲೇ ಇದ್ದರು. ಗಂಡ ಆ ದಿನ ಒಂದು ಗಂಟೆ ಮುಂಚೆ ಬಂದಿದ್ದ. ಮೇಜು ಸಿಕ್ಕಿತು ಎಂದು ಬಾಗಿಲಲ್ಲೇ ಹೇಳಿದಳು. ವಕೀಲಮ್ಮ ಕುಣಿದಳು. ಅತ್ತೆ ಅವಳ ಕೆನ್ನೆ ಸವರಿ, ನಾಳೆ ಏಳು ಗಂಟೆಗೆ ಈರುಳ್ಳಿ ಹುರಿಯುತ್ತೇನೆ ನೋಡು ಎಂದರು. ಮಾವ ಮಾತ್ರ ಕುರ್ಚಿಯ ತುದಿಗೆ ಕೂತು ಕಾಯುತ್ತಿದ್ದರು.

"ನಾನು ಅಂತ ಹೇಳಿದ್ಯಾ?"

"ಇಲ್ಲ ಮಾವ. ನಾನೇ ಬೆರೆಸಿದ್ದು ಅಂದೆ."

ಅವರ ಕಣ್ಣು ತುಂಬಿತು. ತಮಗೋಸ್ಕರ ಈ ಹುಡುಗಿ ತನ್ನ ಕೆಲಸವನ್ನೇ ಪಣಕ್ಕಿಟ್ಟಳಲ್ಲ ಎಂದು ಕನ್ನಡಕ ತೆಗೆದು ಒರೆಸಿದರು. ಅವಳು ಅವರ ಪಕ್ಕ ಕೂತು, ಅವತ್ತು ಇನ್ನೇನೂ ಮಾಡಬೇಡಿ ಅಂತ ಅನ್ನಬಾರದಿತ್ತು ಎಂದಳು. ಅಲ್ಲಿ ನಡೆದದ್ದನ್ನೆಲ್ಲ ಹೇಳಿದಳು, ಮಿಶ್ರಣದ ಕಪ್ಪಿನ ವಿಷಯವನ್ನೂ.

"ಪೂರ್ತಿ ಕುಡಿದ್ರಾ?"

"ಕುಡಿದು ಇನ್ನರ್ಧ ಕೇಳಿ ಹಾಕಿಸ್ಕೊಂಡ್ರು ಮಾವ."

ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ನಿನ್ನ ಕೈಯದು ಅಂತ ತಿಳ್ಕೊಂಡು ಕುಡಿದ್ರಾ?"

"ಹೂಂ. ಹಾಗಂತಾನೇ ಅಂದ್ಕೊಂಡಿದಾರೆ."

ಅವರು ಎದ್ದು ಕನ್ನಡಕ ಸರಿಮಾಡಿಕೊಂಡು ಚಪ್ಪಲಿ ಹುಡುಕತೊಡಗಿದರು. ಈ ಹೊತ್ತಲ್ಲಿ ಎಲ್ಲಿಗೆ ಎಂದು ಅತ್ತೆ ಕೇಳಿದರು.

"ಅಂಗಡಿಗೆ. ಮೂವತ್ತೆರಡು ವರ್ಷ ನಾನು ಬೆರೆಸಿದ್ದೆಲ್ಲ ಕಂಪನಿ ಹೆಸರಲ್ಲಿ ಹೋಯ್ತು ಕಣೇ. ಇದೊಂದಾದ್ರೂ ನಂದು ಅಂತ ಅವರಿಗೆ ಗೊತ್ತಾಗ್ಲಿ."

ಗಂಡ ಏನೋ ಹೇಳಲು ಬಾಯಿ ತೆರೆದ, ಅತ್ತೆ ಅವನಿಗೆ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದರು. ಸೊಸೆ ಬಾಗಿಲ ಹಿಂದಿದ್ದ ಚಪ್ಪಲಿಗಳನ್ನು ಅವರ ಕಾಲ ಬಳಿ ತಂದಿಟ್ಟಳು.

"ಏಳೂವರೆಗೆ ಮುಚ್ತಾರೆ ಮಾವ" ಎಂದಳು. "ಬನ್ನಿ, ಬೇಗ ಹೋಗೋಣ."